ಬೇರೆ ಬೈಕಿನ ಫೋರ್ಕ್ ಹಾಕ್ಸೋಕೆ ಮುಂಚೆ ಈ ಎರಡು ಅಳತೆ ತಗೊಳ್ಳಿ

ಪ್ರಶ್ನೆ: ನನ್ನದು ಹದಿನೈದು ವರ್ಷ ಹಳೇ ಬೈಕು. ಮುಂದೆ 37 ಮಿ.ಮೀ. ಸಾದಾ ಟೆಲಿಸ್ಕೋಪಿಕ್ ಫೋರ್ಕ್ (ಮುಂದಿನ ವೀಲ್ ಹಿಡಿದಿರೋ ಎರಡು ಕಾಲು), 18 ಇಂಚಿನ ವೀಲು, ಒಂದೇ ಡಿಸ್ಕ್, ಎಬಿಎಸ್ ಇಲ್ಲ. ಬ್ರೇಕ್ ಹಿಡಿದ್ರೆ ಮೂತಿ ಪೂರ್ತಿ ಕೆಳಗೆ ಕೂತ್ಕೊಳ್ಳುತ್ತೆ, ತಿರುವಲ್ಲಿ ತೇಲಾಡಿದ ಹಾಗಾಗುತ್ತೆ. ಆಕ್ಸಿಡೆಂಟ್ ಆಗಿರೋ ಒಂದು ಸ್ಪೋರ್ಟ್ಸ್ ಬೈಕಿನ ಯುಎಸ್‌ಡಿ ಫೋರ್ಕು (ದಪ್ಪ ಪೈಪ್ ಮೇಲೆ, ಸಣ್ಣ ಪೈಪ್ ಕೆಳಗೆ ಇರೋ ತಲೆಕೆಳಗಾದ ಫೋರ್ಕ್), ಎರಡು ಕಾಲನ್ನೂ ಹಿಡಿದಿರೋ ಮೇಲಿನ ಕೆಳಗಿನ ಕ್ಲ್ಯಾಂಪ್ ಸಮೇತ ಸಿಕ್ತಾ ಇದೆ, ವೀಲ್ ಇಲ್ಲ. "ಸ್ಟೆಮ್ (ಕೆಳಗಿನ ಕ್ಲ್ಯಾಂಪಿಂದ ಫ್ರೇಮಿನ ಒಳಗೆ ಹೋಗೋ ಕಂಬಿ) ಒಂದು ಬದಲಾಯಿಸಿದ್ರೆ ಸಾಕು, ಕೂತ್ಕೊಳ್ಳುತ್ತೆ" ಅಂತಾರೆ ನಮ್ಮ ಮೆಕ್ಯಾನಿಕ್. ತಗೊಳ್ಳಲಾ?

ಉತ್ತರ: ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸುಳ್ಳಲ್ಲ, ಕೂತ್ಕೊಳ್ಳುತ್ತೆ. ಒಳ್ಳೆ ಲೇತ್ ಕೆಲಸದವರು ಸಿಕ್ರೆ ಯಾವ ಫೋರ್ಕನ್ನ ಯಾವ ಫ್ರೇಮಿಗೆ ಬೇಕಾದ್ರೂ ಕೂರಿಸಬಹುದು. ಆದ್ರೆ ನೀವು ಕೇಳ್ಬೇಕಾಗಿರೋ ಪ್ರಶ್ನೆ ಅದಲ್ಲ, ಕೂತ ಮೇಲೆ ಬೈಕ್ ಹೇಗೆ ತಿರುಗುತ್ತೆ ಅನ್ನೋದು. ಫೋರ್ಕ್ ಅಂದ್ರೆ ಬರೀ ಶಾಕ್ ಅಬ್ಸಾರ್ಬರ್ ಅಲ್ಲ, ಅದು ಬೈಕಿನ ಸ್ಟೀರಿಂಗ್. ಅದರ ಉದ್ದ ಬದಲಾದ್ರೆ, ಕ್ಲ್ಯಾಂಪಿನ ಆಫ್‌ಸೆಟ್ ಬದಲಾದ್ರೆ, ಕಂಪನಿಯವರು ನಿಮ್ಮ ಬೈಕಿಗೆ ಅಂತ ಲೆಕ್ಕ ಹಾಕಿ ಇಟ್ಟಿದ್ದ ಜ್ಯಾಮಿತಿನೇ ಬದಲಾಗಿಹೋಗುತ್ತೆ. ಹಾಗಾಗಿ ದುಡ್ಡು ಕೊಡೋಕೆ ಮುಂಚೆ ಒಂದು ವರ್ನಿಯರ್, ಒಂದು ಉದ್ದದ ಸ್ಟೀಲ್ ಸ್ಕೇಲ್ ತಗೊಂಡು ಹೋಗಿ ಎರಡು ಅಳತೆ ತಗೊಂಡು ಬನ್ನಿ, ಒಂದು ಆಫ್‌ಸೆಟ್ ಇನ್ನೊಂದು ಉದ್ದ. ಮಿಕ್ಕಿದ್ದೆಲ್ಲಾ ಲೇತಲ್ಲಿ ಸರಿ ಮಾಡ್ಕೋಬಹುದು, ಈ ಎರಡು ತಪ್ಪಿದ್ರೆ ಮಾತ್ರ ರಸ್ತೆ ಮೇಲೆ ಅನುಭವಿಸಬೇಕಾಗುತ್ತೆ.

ಇದನ್ನ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ನಾನು ಈ ಕೆಲಸ ಶುರು ಮಾಡಿದ ಹೊಸದರಲ್ಲಿ ನನ್ನ ಸ್ವಂತ ಬೈಕಿಗೇ ಒಂದು ದಪ್ಪ ಫೋರ್ಕ್ ಹಾಕಿದ್ದೆ. ನೋಡೋಕೆ ಬಹಳ ಚೆನ್ನಾಗಿತ್ತು, ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಸುತ್ತ ಓಡಾಡಿಕೊಂಡು ನೋಡ್ತಾ ಇದ್ದೆ. ಊರೊಳಗೆ ಹಗುರವಾಗಿ ತಿರುಗ್ತಿತ್ತು, ಆ ಹಗುರ ಏನೋ ಲಾಭ ಅಂತಾನೇ ಅಂದ್ಕೊಂಡೆ. ಹೈವೇಲಿ ಎಂಬತ್ತು ದಾಟಿದ ಮೇಲೆ ಒಂದು ಸಣ್ಣ ಉಬ್ಬು ಸಿಕ್ತು, ಹ್ಯಾಂಡಲ್ ಎಡಕ್ಕೆ ಬಲಕ್ಕೆ ಪಟಪಟ ಅಂತ ಹೊಡ್ಕೊಳ್ಳೋಕೆ ಶುರುವಾಯ್ತು, ಅಂಗೈ ನೋಯೋಷ್ಟು. ಥ್ರಾಟಲ್ ನಿಧಾನಕ್ಕೆ ಬಿಟ್ಟೆ, ಬ್ರೇಕ್ ಮುಟ್ಟಲಿಲ್ಲ, ಹಾಗೇ ನಿಂತ್ಕೊಳ್ತು. ಮನೆಗೆ ತಂದು ಅಳೆದಾಗ ಗೊತ್ತಾಗಿದ್ದು ಟ್ರೇಲ್ ಮೊದಲಿಗಿಂತ ಒಂದೂವರೆ ಸೆಂಟಿಮೀಟರ್ ಕಡಿಮೆ ಆಗಿದೆ ಅಂತ. ಅವತ್ತಿಂದ ಅಳತೆ ಇಲ್ದೆ ಯಾವ ಫೋರ್ಕನ್ನೂ ಮುಟ್ಟಿಲ್ಲ.

ಟ್ರೇಲ್ ಅಂದ್ರೇನು ಅಂತ ಮೊದಲು ಹೇಳ್ಬಿಡ್ತೀನಿ. ಸ್ಟೀರಿಂಗ್ ತಿರುಗೋ ಅಕ್ಷ ಇದೆಯಲ್ಲ, ಫ್ರೇಮಿನ ಹೆಡ್ ಪೈಪ್ ಮಧ್ಯದಲ್ಲಿ ಓರೆಯಾಗಿ ಹೋಗೋ ಗೆರೆ, ಅದನ್ನ ಹಾಗೇ ನೆಲದ ತನಕ ಎಳೀರಿ. ಅದು ನೆಲ ಮುಟ್ಟೋ ಜಾಗ ಟೈರ್ ನೆಲ ಮುಟ್ಟೋ ಜಾಗಕ್ಕಿಂತ ಸ್ವಲ್ಪ ಮುಂದೆ ಇರುತ್ತೆ. ಆ ಅಂತರವೇ ಟ್ರೇಲ್. ತಳ್ಳೋ ಟ್ರಾಲಿಯ ಪುಟ್ಟ ಚಕ್ರ ತಾನಾಗೇ ನೆಟ್ಟಗೆ ಆಗುತ್ತಲ್ಲ, ಬೈಕಿನ ಮುಂದಿನ ಚಕ್ರ ನೆಟ್ಟಗೆ ನಿಲ್ಲೋದ್ರಲ್ಲೂ ಅದೇ ವಿದ್ಯೆಯ ದೊಡ್ಡ ಪಾಲಿದೆ. ಟ್ರೇಲ್ ಜಾಸ್ತಿ ಆದ್ರೆ ಬೈಕ್ ಹಠ ಹಿಡಿದು ನೇರ ಹೋಗುತ್ತೆ, ತಿರುಗಿಸೋಕೆ ಬಲ ಬೇಕು. ಕಡಿಮೆ ಆದ್ರೆ ಚುರುಕಾಗುತ್ತೆ, ಇನ್ನೂ ಕಡಿಮೆ ಆದ್ರೆ ನನಗಾದ ಹಾಗೆ ಆಗುತ್ತೆ. ಸಾಮಾನ್ಯ ರಸ್ತೆ ಬೈಕುಗಳಲ್ಲಿ ಇದು ಹೆಚ್ಚುಕಡಿಮೆ 90ರಿಂದ 120 ಮಿ.ಮೀ. ಒಳಗೆ ಬರುತ್ತೆ.

ಈಗ ಆಫ್‌ಸೆಟ್. ಕ್ಲ್ಯಾಂಪನ್ನ ಮೇಲಿಂದ ನೋಡಿದ್ರೆ ಸ್ಟೆಮ್ ಹಿಂದೆ, ಎರಡು ಪೈಪಿನ ತೂತು ಸ್ವಲ್ಪ ಮುಂದೆ ಇರುತ್ತೆ. ಎರಡು ಪೈಪಿನ ಸೆಂಟರ್ ಸೇರಿಸೋ ಗೆರೆಗೂ ಸ್ಟೆಮ್ ಸೆಂಟರಿಗೂ ಇರೋ ದೂರ ಆಫ್‌ಸೆಟ್. ತುಂಬಾ ಜನ ಇಲ್ಲಿ ತಲೆಕೆಳಗಾಗಿ ಅರ್ಥ ಮಾಡ್ಕೋತಾರೆ, ಫೋರ್ಕ್ ಮುಂದೆ ಹೋದ್ರೆ ಬೈಕ್ ಸ್ಟೇಬಲ್ ಆಗುತ್ತೆ ಅಂತ. ಉಲ್ಟಾ, ಆಫ್‌ಸೆಟ್ ಜಾಸ್ತಿ ಆದಷ್ಟೂ ಟ್ರೇಲ್ ಕಮ್ಮಿ ಆಗುತ್ತೆ. ಅಳೆಯೋದು ಹೀಗೆ: ಪೈಪುಗಳನ್ನ ಕ್ಲ್ಯಾಂಪಲ್ಲೇ ಬಿಟ್ಟು ಅವುಗಳ ಮುಂಭಾಗಕ್ಕೆ ಅಡ್ಡಲಾಗಿ ಸ್ಟೀಲ್ ಸ್ಕೇಲ್ ಒತ್ತಿ ಹಿಡೀರಿ, ಸ್ಕೇಲಿಂದ ಸ್ಟೆಮ್ಮಿನ ಮುಂದಿನ ಅಂಚಿಗೆ ಎಷ್ಟು ದೂರ ಅಂತ ವರ್ನಿಯರಲ್ಲಿ ನೋಡಿ, ಅದಕ್ಕೆ ಸ್ಟೆಮ್ ದಪ್ಪದ ಅರ್ಧ ಕೂಡಿಸಿ, ಪೈಪ್ ದಪ್ಪದ ಅರ್ಧ ಕಳೀರಿ. ಸ್ಕೇಲಿಂದ ಸ್ಟೆಮ್ಮಿಗೆ 40, ಸ್ಟೆಮ್ 30, ಪೈಪ್ 50 ಅಂದ್ರೆ 40 ಕೂಡಿಸು 15 ಕಳೆ 25, ಆಫ್‌ಸೆಟ್ 30 ಮಿ.ಮೀ. ಇದರ ಜೊತೆ ಆಕ್ಸಲನ್ನೂ ನೋಡಿ, ಕೆಲವು ಫೋರ್ಕಲ್ಲಿ ಆಕ್ಸಲ್ ಪೈಪಿನ ಸೆಂಟರಲ್ಲಿ ಇರಲ್ಲ, ಮುಂದಕ್ಕೆ ಚಾಚಿಕೊಂಡಿರುತ್ತೆ, ಎಷ್ಟು ಚಾಚಿದ್ಯೋ ಅಷ್ಟನ್ನೂ ಆಫ್‌ಸೆಟ್ಟಿಗೆ ಸೇರಿಸಬೇಕು. ಇದನ್ನ ಬಿಟ್ಟು ಲೆಕ್ಕ ಹಾಕಿದ್ರೆ ಎಲ್ಲಾ ಹಾಳು.

ಉದ್ದಕ್ಕೆ ಪೈಪಿನ ಮೇಲ್ತುದಿಯಿಂದ ಅಳೀಬೇಡಿ, ಅದರಿಂದ ಉಪಯೋಗ ಇಲ್ಲ. ಕೆಳಗಿನ ಕ್ಲ್ಯಾಂಪ್ ಮೇಲೆ ಬೇರಿಂಗ್ ಕೂರೋ ಜಾಗದಿಂದ ಆಕ್ಸಲ್ ಸೆಂಟರ್ ತನಕ, ಫೋರ್ಕ್ ಪೂರ್ತಿ ಚಾಚಿದಾಗ ಎಷ್ಟು ಬರುತ್ತೆ ಅನ್ನೋದೇ ನಿಮಗೆ ಬೇಕಾಗಿರೋ ಉದ್ದ. ನಿಮ್ಮ ಬೈಕಲ್ಲಿ ಅದೇ ಅಳತೆ ತಗೊಂಡು ಹೋಲಿಸಿ.

ಈಗ ಲೆಕ್ಕ. ರೇಕ್ ಅನ್ನೋ ಓರೆ ಕೋನ, ಅಂದ್ರೆ ಸ್ಟೀರಿಂಗ್ ಅಕ್ಷ ನೆಟ್ಟಗಿನ ಗೆರೆಯಿಂದ ಎಷ್ಟು ಡಿಗ್ರಿ ಬಾಗಿದೆ ಅನ್ನೋದು, ಗೊತ್ತಿದ್ರೆ, ಟೈರಿನ ತ್ರಿಜ್ಯವನ್ನ ಆ ಕೋನದ ಸೈನ್ ಜೊತೆ ಗುಣಿಸಿ ಅದರಿಂದ ಆಫ್‌ಸೆಟ್ ಕಳೆದು ಬಂದಿದ್ದನ್ನ ಕೋನದ ಕೊಸೈನಿಂದ ಭಾಗಿಸಿದ್ರೆ ಟ್ರೇಲ್ ಬರುತ್ತೆ, ಮೊಬೈಲ್ ಕ್ಯಾಲ್ಕ್ಯುಲೇಟರಲ್ಲೇ ಆಗೋ ಕೆಲಸ. ಒಂದು ಉದಾಹರಣೆ ಮಾಡಿ ತೋರಿಸ್ತೀನಿ, ನಿಮ್ಮ ಬೈಕಿನ ಅಂಕಿ ನೀವು ಹಾಕ್ಕೊಳ್ಳಿ. 90/90-18 ಟೈರಿನ ತ್ರಿಜ್ಯ ಸುಮಾರು 310 ಮಿ.ಮೀ., ರೇಕ್ 26 ಡಿಗ್ರಿ, ಆಫ್‌ಸೆಟ್ 40 ಅಂತ ಇಟ್ಕೊಳ್ಳಿ, ಟ್ರೇಲ್ 107 ಬರುತ್ತೆ. ಈಗ ಸ್ಪೋರ್ಟ್ಸ್ ಬೈಕಿನ ಫೋರ್ಕ್ 30 ಮಿ.ಮೀ. ಗಿಡ್ಡ ಇದೆ, ಅದಕ್ಕೆ 120/70-17 ಟೈರ್ ಹಾಕ್ತೀರಿ, ಅದರ ತ್ರಿಜ್ಯ 300. ಫೋರ್ಕ್ ಓರೆಯಾಗಿ ಇರೋದ್ರಿಂದ ಅದರ 30 ಎತ್ತರದಲ್ಲಿ 27 ಅಷ್ಟೇ, ಟೈರಿನ 10 ಸೇರಿ ಬೈಕಿನ ಮುಂಭಾಗ ಸುಮಾರು 37 ಮಿ.ಮೀ. ಕೆಳಗಿಳಿಯುತ್ತೆ. ವೀಲ್‌ಬೇಸ್ (ಎರಡು ವೀಲಿನ ಸೆಂಟರ್ ನಡುವಿನ ದೂರ) 1350 ಇದ್ರೆ ಇಡೀ ಬೈಕು ಒಂದೂವರೆ ಡಿಗ್ರಿ ಮುಂದಕ್ಕೆ ಬಾಗಿದ ಹಾಗೆ, ರೇಕ್ 24.4ಕ್ಕೆ ಬಂತು. ಫೋರ್ಕ್ ಜೊತೆ ಬಂದ ಕ್ಲ್ಯಾಂಪಿನ ಆಫ್‌ಸೆಟ್ 30 ಆಗಿದ್ರೆ ಟ್ರೇಲ್ 103, ಅಂದ್ರೆ ಮೊದಲಿಗೂ ಈಗಲೂ ದೊಡ್ಡ ವ್ಯತ್ಯಾಸ ಇಲ್ಲ, ಧೈರ್ಯವಾಗಿ ಮಾಡಬಹುದು. ಆದ್ರೆ ಅದೇ ಫೋರ್ಕಿಗೆ ನಿಮ್ಮ ಹಳೇ ಕ್ಲ್ಯಾಂಪಿನ ಆಫ್‌ಸೆಟ್ಟೇ ಇಟ್ಟು 40ಕ್ಕೆ ಹೊಸ ಕ್ಲ್ಯಾಂಪ್ ಮಾಡಿಸಿದ್ರಿ ಅಂದ್ಕೊಳ್ಳಿ, ಟ್ರೇಲ್ 92ಕ್ಕೆ ಬೀಳುತ್ತೆ. ಹದಿನೈದು ಮಿ.ಮೀ. ಹೋಯ್ತು. ನನಗೆ ಹೈವೇಲಿ ಆಗಿದ್ದು ಇದೇ. ಹಳೇ ಬೈಕಿನ ಆಫ್‌ಸೆಟ್ಟೇ ಇಟ್ರೆ ಏನೂ ಬದಲಾಗಲ್ಲ ಅಂತ ಮೇಲ್ನೋಟಕ್ಕೆ ಅನ್ಸುತ್ತೆ, ಗಿಡ್ಡ ಫೋರ್ಕ್ ಸಣ್ಣ ವೀಲ್ ಬಂದ ಮೇಲೆ ಅದೇ ತಪ್ಪಾಗುತ್ತೆ.

ಗಿಡ್ಡ ಆದ್ರೆ ಪೈಪನ್ನ ಕ್ಲ್ಯಾಂಪಲ್ಲಿ ಕೆಳಗಿಳಿಸಿ ಉದ್ದ ಮಾಡ್ಕೋಬಹುದಲ್ಲ ಅಂತ ಕೇಳ್ತೀರಿ. ಸ್ವಲ್ಪ ಮಟ್ಟಿಗೆ ಹೌದು, ಪೈಪಿನ ಮೇಲ್ತುದಿ ಮೇಲಿನ ಕ್ಲ್ಯಾಂಪಿಗೆ ಸಮ ಆಗೋ ತನಕ ಮಾತ್ರ, ಅದಕ್ಕಿಂತ ಕೆಳಗೆ ಹೋದ್ರೆ ಹಿಡಿತ ಕಮ್ಮಿಯಾಗುತ್ತೆ, ಆ ಸಾಹಸ ಬೇಡವೇ ಬೇಡ. ಯುಎಸ್‌ಡಿಯಲ್ಲಿ ಇನ್ನೊಂದು ಇದೆ, ಹೊರಗಿನ ಪೈಪ್ ಎಷ್ಟೋ ಸಲ ಉದ್ದಕ್ಕೂ ಒಂದೇ ದಪ್ಪ ಇರಲ್ಲ, ಕ್ಲ್ಯಾಂಪ್ ಹಿಡಿಯೋಕೆ ಅಂತಾನೇ ಒಂದು ಜಾಗ ಬಿಟ್ಟಿರ್ತಾರೆ, ಅಲ್ಲೇ ಹಿಡೀಬೇಕು. ಹಿಂದಿನ ಶಾಕ್ ಸ್ವಲ್ಪ ಗಿಡ್ಡ ಹಾಕಿ ಬೈಕನ್ನ ಮತ್ತೆ ಸಮ ಮಾಡೋದೂ ಒಂದು ದಾರಿ, ಆದ್ರೆ ಗ್ರೌಂಡ್ ಕ್ಲಿಯರೆನ್ಸ್ ಹೋಗುತ್ತೆ.

ಇಲ್ಲಿಗೆ ಅಳತೆ ಸರಿ ಬಂತು ಅಂತ ಇಟ್ಕೊಳ್ಳೋಣ. ಮುಂದಿನ ಪ್ರಶ್ನೆ, ಆಕ್ಸಿಡೆಂಟ್ ಬೈಕಿನದು ಅಂದ್ರಲ್ಲ, ನೆಟ್ಟಗಿದೆಯಾ? ಬರೀ ಕಣ್ಣಲ್ಲಿ ನೋಡಿ ನಂಬಬೇಡಿ. ಒಳಗಿನ ಕ್ರೋಮ್ ಪೈಪನ್ನ ಬಿಚ್ಚಿಸಿ ದಪ್ಪ ಗಾಜಿನ ಮೇಲೆ ನಿಧಾನವಾಗಿ ಉರುಳಿಸಿ, ಕಣ್ಣನ್ನ ಗಾಜಿನ ಮಟ್ಟಕ್ಕೆ ತಂದು ಪೈಪ್ ಕೆಳಗಿನ ಬೆಳಕಿನ ಗೆರೆ ನೋಡಿ, ಒಂದು ಸುತ್ತಲ್ಲಿ ಆ ಗೆರೆ ದಪ್ಪ ಆಗಿ ಸಣ್ಣ ಆಗ್ತಾ ಇದ್ರೆ ಬೆಂಡ್ ಇದೆ. ಸರಿಯಾಗಿ ಅಳೀಬೇಕು ಅಂದ್ರೆ ವಿ-ಬ್ಲಾಕ್ ಮೇಲಿಟ್ಟು ಡಯಲ್ ಗೇಜ್ ಹಿಡೀಬೇಕು, ತುಂಬಾ ಸರ್ವೀಸ್ ಮ್ಯಾನ್ಯುಯಲ್‌ಗಳಲ್ಲಿ ಮಿತಿ 0.2 ಮಿ.ಮೀ. ಅಂತ ಇರುತ್ತೆ. ಬೆಂಡ್ ತೆಗೆಸ್ತೀನಿ ಅಂತ ಹೇಳೋರು ಸಿಗ್ತಾರೆ, ಒಂದು ಸಲ ಚೆನ್ನಾಗಿ ಬಾಗಿದ ಪೈಪನ್ನ ಪ್ರೆಸ್ಸಲ್ಲಿ ನೇರ ಮಾಡಿ ಮತ್ತೆ ರಸ್ತೆಗೆ ತರೋದನ್ನ ನಾನು ಒಪ್ಪಲ್ಲ.

ಕ್ಲ್ಯಾಂಪೂ ತಿರುಚಿರಬಹುದು. ಎರಡು ಪೈಪನ್ನೂ ಕ್ಲ್ಯಾಂಪಿಗೆ ಹಾಕಿ ಬಿಗಿ ಮಾಡಿ ಅವುಗಳ ಮೇಲೆ ಒಂದು ಗಾಜಿನ ತುಂಡು ಅಡ್ಡ ಇಡಿ, ನಾಲ್ಕು ಮೂಲೇಲೂ ಕೂತ್ರೆ ಸರಿ, ಕುಂಟು ಮಣೆ ತರ ಅಲ್ಲಾಡಿದ್ರೆ ಎರಡು ಪೈಪ್ ಒಂದೇ ಸಮತಲದಲ್ಲಿ ಇಲ್ಲ ಅಂತ ಅರ್ಥ. ಕೆಳಗಿನ ಕ್ಲ್ಯಾಂಪಿನಲ್ಲಿ ಸ್ಟೀರಿಂಗ್ ಸ್ಟಾಪ್ ಅಂತ ಎರಡು ಗುಬುಟು ಇರುತ್ತೆ, ಬಿದ್ದಾಗ ಹ್ಯಾಂಡಲ್ ಪೂರ್ತಿ ತಿರುಗಿ ಏಟು ಅಲ್ಲಿಗೇ ಬೀಳೋದು. ಅದರ ಬುಡದಲ್ಲಿ ಕೂದಲೆಳೆ ಬಿರುಕು ಇದೆಯಾ ಅಂತ ಒರೆಸಿ, ಟಾರ್ಚ್ ಓರೆಯಾಗಿ ಹಿಡಿದು ನೋಡಿ, ಅನುಮಾನ ಬಂದ್ರೆ ಬಿರುಕನ್ನ ಬಣ್ಣದಲ್ಲಿ ತೋರಿಸೋ ಡೈ ಪೆನೆಟ್ರಂಟ್ ಹಾಕಿಸಿ. ಬಿರುಕು ಇದ್ರೆ ಎಷ್ಟೇ ಅಗ್ಗಕ್ಕೆ ಕೊಟ್ರೂ ಬೇಡ ಅನ್ನಿ.

ಇನ್ನು ಸ್ಟೆಮ್ಮು. ನಿಮ್ಮ ಮೆಕ್ಯಾನಿಕ್ "ಒಂದು ಸ್ಟೆಮ್" ಅಂದ್ರಲ್ಲ, ಅದು ಇಡೀ ಕೆಲಸದಲ್ಲಿ ಪ್ರಾಣಕ್ಕೆ ಸಂಬಂಧಪಟ್ಟ ಭಾಗ. ಮೊದಲು ಬೇರಿಂಗ್ ಅದಲುಬದಲು ಮಾಡಿ ಆಗುತ್ತಾ ನೋಡಿ. ಟೇಪರ್ ರೋಲರ್ ಬೇರಿಂಗ್ ಮೇಲೆ ನಂಬರ್ ಇರುತ್ತೆ, 32005 ಅಂದ್ರೆ ಒಳಗೆ 25, ಹೊರಗೆ 47, ದಪ್ಪ 15 ಮಿ.ಮೀ., 32006 ಅಂದ್ರೆ ಒಳಗೆ 30, ಹೊರಗೆ 55, ದಪ್ಪ 17. ಕೊನೇ ಎರಡು ಅಂಕಿನ ಐದರಿಂದ ಗುಣಿಸಿದ್ರೆ ಒಳಗಿನ ಸೈಜ್ ಸಿಗುತ್ತೆ, 04ರಿಂದ ಮೇಲಿನ ನಂಬರಿಗೆಲ್ಲಾ ಇದು ನಡೆಯುತ್ತೆ. ನಿಮ್ಮ ಫ್ರೇಮಿನ ಹೆಡ್ ಪೈಪಿಗೆ ಹೊರಗಿನ ಸೈಜ್ ಹೊಂದಬೇಕು, ಹೊಸ ಸ್ಟೆಮ್ಮಿಗೆ ಒಳಗಿನ ಸೈಜ್ ಹೊಂದಬೇಕು, ಅಂಥ ಬೇರಿಂಗ್ ಸಿಕ್ಕಿ ಸ್ಟೆಮ್ ಉದ್ದವೂ ಸರಿಹೋದ್ರೆ ಅದೃಷ್ಟ, ಲೇತಿನ ಕೆಲಸವೇ ಇಲ್ಲ.

ಹೊಂದಲಿಲ್ಲ ಅಂದ್ರೆ ನಿಮ್ಮ ಹಳೇ ಸ್ಟೆಮ್ಮನ್ನ ಪ್ರೆಸ್ಸಲ್ಲಿ ಹೊರಗೆ ತೆಗೆದು ಹೊಸ ಕ್ಲ್ಯಾಂಪಿಗೆ ಹಾಕೋದು, ಇಲ್ಲಾ ಹೊಸದಾಗಿ ಸ್ಟೆಮ್ ತಿರುಗಿಸೋದು. ಹೊಸದು ಮಾಡಿಸಿದ್ರೆ ಅಲಾಯ್ ಸ್ಟೀಲಲ್ಲೇ ಮಾಡಿಸಿ, ಅಂಗಡೀಲಿ ಬಿದ್ದಿರೋ ಮೈಲ್ಡ್ ಸ್ಟೀಲ್ ರಾಡಲ್ಲಿ ಬೇಡ. ತೂತಿಗಿಂತ ಸ್ಟೆಮ್ ಒಂದು ಎಳೆ ದಪ್ಪ ಇರ್ಬೇಕು, 0.03 ಮಿ.ಮೀ. ಆಸುಪಾಸು, ಅಲ್ಯೂಮಿನಿಯಂ ಕ್ಲ್ಯಾಂಪನ್ನ ಹದವಾಗಿ ಬಿಸಿ ಮಾಡಿ ಸ್ಟೆಮ್ಮನ್ನ ಫ್ರೀಜರಲ್ಲಿಟ್ಟು ಪ್ರೆಸ್ ಮಾಡಿದ್ರೆ ಕಚ್ಚಿಕೊಳ್ಳುತ್ತೆ. ಕೆಳಗಡೆ ಅಗಲವಾದ ಒಂದು ತಲೆ ಬಿಟ್ಟಿರ್ಬೇಕು, ಪ್ರೆಸ್ ಫಿಟ್ ಕೈಕೊಟ್ರೂ ಸ್ಟೆಮ್ ಕ್ಲ್ಯಾಂಪಿಂದ ಮೇಲಕ್ಕೆ ಕಿತ್ಕೊಂಡು ಬರಬಾರ್ದು. ಸುತ್ತಿಗೇಲಿ ಹೊಡೆದು ಕೂರಿಸೋದು, ಸಡಿಲ ಆಯ್ತು ಅಂತ ಶೀಟ್ ಸುತ್ತೋದು, ಕೊನೆಗೆ ಒಂದು ಟ್ಯಾಕ್ ವೆಲ್ಡ್ ಹೊಡೆಯೋದು, ಇವು ಮೂರರಲ್ಲಿ ಯಾವ್ದು ಕಂಡ್ರೂ ಅಲ್ಲಿಂದ ಬೈಕ್ ವಾಪಸ್ ತನ್ನಿ. ನಿಮ್ಮ ಎದೆಯ ಮುಂದೆ ಇಡೀ ಬೈಕನ್ನ ಹಿಡ್ಕೊಂಡಿರೋದು ಅದೊಂದು ಕಂಬಿ.

ವೀಲ್ ಇಲ್ಲ ಅಂದ್ರಿ, ನನಗೆ ಇದೇ ದೊಡ್ಡ ಚಿಂತೆ. ನಿಮ್ಮ 18 ಇಂಚಿನ ವೀಲನ್ನೇ ಯುಎಸ್‌ಡಿಗೆ ಹಾಕ್ತೀನಿ ಅಂತ ಹೊರಟ್ರೆ ಆಕ್ಸಲ್ ದಪ್ಪ ಬೇರೆ, ಕಾಲುಗಳ ನಡುವಿನ ಅಗಲ ಬೇರೆ, ಡಿಸ್ಕ್ ಕೂರೋ ಜಾಗ ಬೇರೆ, ಕ್ಯಾಲಿಪರ್ (ಡಿಸ್ಕನ್ನ ಅದುಮೋ ಬ್ರೇಕ್ ಭಾಗ) ಕೂರೋ ಕಿವಿ ಬೇರೆ. ಒಂದೊಂದಕ್ಕೂ ಬುಶ್ಶು, ಪ್ಲೇಟು, ಸ್ಪೇಸರ್ ಮಾಡಿಸ್ತಾ ಹೋಗ್ಬೇಕು. ಸಣ್ಣ ವ್ಯತ್ಯಾಸ ಆದ್ರೆ ಬೇರಿಂಗಲ್ಲೇ ಆಗುತ್ತೆ, ಉದಾಹರಣೆಗೆ 6202 ಬೇರಿಂಗ್ 15 ಮಿ.ಮೀ. ಆಕ್ಸಲಿಗೆ, 6003 ಬೇರಿಂಗ್ 17ಕ್ಕೆ, ಎರಡರದ್ದೂ ಹೊರಸುತ್ತು 35 ಮಿ.ಮೀ.ಯೇ, ವೀಲಿನ ನಡುವಿನ ಹಬ್ಬಿಗೆ ಸೀದಾ ಕೂತ್ಕೊಳ್ಳುತ್ತೆ. ಆದ್ರೆ 6003 ಒಂದು ಮಿ.ಮೀ. ತೆಳು, ಭಾರ ಹೊರೋ ಶಕ್ತಿಯೂ ಕಮ್ಮಿ, ಹಬ್ಬಿನ ಒಳಗಡೆ ಎರಡು ಬೇರಿಂಗ್ ಮಧ್ಯೆ ಇರೋ ಕೊಳವೆಯೂ 17ರ ಆಕ್ಸಲ್ ಹೋಗೋ ಹಾಗೆ ಆಗ್ಬೇಕು, ಹೊರಗಿನ ಕಾಲರ್ ಒಂದು ಮಿ.ಮೀ. ಉದ್ದ ಆಗ್ಬೇಕು. ಸ್ಪೋರ್ಟ್ಸ್ ಬೈಕಿನ ಆಕ್ಸಲ್ 20, 25 ಇರುತ್ತೆ, ಅಲ್ಲಿ ಈ ಉಪಾಯ ನಡೆಯಲ್ಲ.

ಆದ್ದರಿಂದ ನನ್ನ ಮಾತು ಕೇಳೋದಾದ್ರೆ ಬರೀ ಫೋರ್ಕ್ ತಗೋಬೇಡಿ, ಅದೇ ಮಾಡೆಲಿನ ವೀಲು, ಆಕ್ಸಲ್ಲು, ಎರಡೂ ಕಡೆ ಕಾಲರು, ಡಿಸ್ಕು, ಕ್ಯಾಲಿಪರು, ಮಡ್‌ಗಾರ್ಡು, ಸಾಧ್ಯ ಆದ್ರೆ ಬ್ರೇಕ್ ಮಾಸ್ಟರ್ ಸಿಲಿಂಡರ್ (ಲಿವರ್ ಎಳೆದಾಗ ಬ್ರೇಕ್ ಆಯಿಲ್ ತಳ್ಳೋ ಭಾಗ) ಕೂಡ ಒಟ್ಟಿಗೆ ಸಿಗೋ ತನಕ ಕಾಯಿರಿ. ಪೂರ್ತಿ ಮುಂಭಾಗ ಒಂದೇ ಬೈಕಿಂದ ಬಂದ್ರೆ ಕ್ಲ್ಯಾಂಪಿಂದ ಕೆಳಗೆ ಎಲ್ಲಾ ಒಂದಕ್ಕೊಂದು ಹುಟ್ಟಿನಿಂದಲೇ ಹೊಂದಿರುತ್ತೆ, ನಿಮಗೆ ಉಳಿಯೋದು ಸ್ಟೆಮ್ ಒಂದೇ. ಬಿಡಿ ಬಿಡಿಯಾಗಿ ಸೇರಿಸ್ತಾ ಹೋದೋರು ಅರ್ಧಕ್ಕೆ ಸುಸ್ತಾಗಿ ಬೈಕನ್ನ ಮೂಲೇಲಿ ನಿಲ್ಲಿಸಿದ್ದು ನಾನು ತುಂಬಾ ನೋಡಿದೀನಿ.

ಬ್ರೇಕ್ ಬಗ್ಗೆ ಒಂದೆರಡು ಮಾತು. ಒಂದು ಕ್ಯಾಲಿಪರಿಗೆ ಅಂತ ಇದ್ದ ಮಾಸ್ಟರ್ ಸಿಲಿಂಡರಿಗೆ ಎರಡು ಕ್ಯಾಲಿಪರ್ ಜೋಡಿಸಿದ್ರೆ ಲಿವರ್ ಹ್ಯಾಂಡಲ್ ತನಕ ಬಂದುಬಿಡುತ್ತೆ, ಎರಡು ಕಡೆ ಪಿಸ್ಟನ್ ತಳ್ಳೋಷ್ಟು ಆಯಿಲ್ ಅದರಿಂದ ಬರಲ್ಲ. 12.7ರ ಬದಲು 14 ಮಿ.ಮೀ. ಪಿಸ್ಟನ್ ಇರೋದು ಹಾಕಿದ್ರೆ ಅದೇ ಎಳೆತಕ್ಕೆ ಶೇಕಡಾ 21ರಷ್ಟು ಜಾಸ್ತಿ ಆಯಿಲ್ ಹೋಗುತ್ತೆ, ಆದ್ರೆ ಬೆರಳಿನ ಬಲವೂ ಅಷ್ಟೇ ಜಾಸ್ತಿ ಬೇಕು, ಸುಮ್ನೆ ಎಲ್ಲಕ್ಕಿಂತ ದೊಡ್ಡದು ಹಾಕೋದಲ್ಲ. ರೇಡಿಯಲ್ ಕ್ಯಾಲಿಪರ್ (ಬೋಲ್ಟ್ ಎರಡೂ ತುದಿಯಲ್ಲಿ, ಪಕ್ಕದಿಂದಲ್ಲದೆ ಹಿಂದಿನಿಂದ ಬರೋದು) ಆಗಿದ್ರೆ ಅದು ಒಂದು ಡಿಸ್ಕ್ ಸೈಜಿಗೆ ಅಂತಾನೇ ಕೂತಿರುತ್ತೆ, 300ರ ಬದಲು 320 ಡಿಸ್ಕ್ ಹಾಕಿದ್ರೆ 10 ಮಿ.ಮೀ. ಸ್ಪೇಸರ್ ಬೇಕು. ನಿಮಗೆ ಎಬಿಎಸ್ ಇಲ್ಲದ್ದು ಒಂದು ತಲೆನೋವು ತಪ್ಪಿತು. ಇದ್ದೋರು ತಮ್ಮ ಬೈಕಿನ ಹಲ್ಲುಗಳ ರಿಂಗೂ ಸೆನ್ಸರೂ ಹೊಸ ವೀಲಿಗೆ ಸರಿಯಾದ ಅಂತರದಲ್ಲಿ ಕೂರಿಸ್ಬೇಕು, ಹಲ್ಲಿನ ಲೆಕ್ಕ ತಪ್ಪಿದ್ರೆ ಎಬಿಎಸ್‌ಗೆ ವೀಲ್ ಸ್ಪೀಡೇ ತಪ್ಪಾಗಿ ಹೋಗುತ್ತೆ. ನಿಮ್ಮ ಸ್ಪೀಡೋಮೀಟರ್ ಕೇಬಲ್ ಮುಂದಿನ ವೀಲಿಂದ ಬರೋದಾದ್ರೆ ಅದಕ್ಕೂ ದಾರಿ ನೋಡ್ಕೋಬೇಕು.

ಎಲ್ಲಾ ಜೋಡಿಸಿದ ಮೇಲೆ ಒಂದು ಪರೀಕ್ಷೆ ಇದೆ, ಇದನ್ನ ಯಾರೂ ಮಾಡಲ್ಲ, ನೀವು ಮಾಡಿ. ಎರಡು ಕಾಲಿನ ಸ್ಪ್ರಿಂಗನ್ನೂ ಹೊರಗೆ ತೆಗೀರಿ, ಕ್ಯಾಪ್ ಮುಚ್ಚಿ, ಜ್ಯಾಕ್ ಮೇಲಿರೋ ಬೈಕನ್ನ ನಿಧಾನಕ್ಕೆ ಇಳಿಸ್ತಾ ಫೋರ್ಕ್ ಪೂರ್ತಿ ತಳ ಮುಟ್ಟೋ ತನಕ ಕೂರಿಸಿ. ಈಗ ನೆಲದ ಮೇಲೆ ಕೂತು ನೋಡಿ. ಟೈರ್ ಕೆಳಗಿನ ಕ್ಲ್ಯಾಂಪಿಗೆ ತಾಗುತ್ತಾ, ಮಡ್‌ಗಾರ್ಡ್ ಸೈಲೆನ್ಸರ್ ಬೆಂಡ್ ಪೈಪಿಗೋ ರೇಡಿಯೇಟರಿಗೋ ಹೊಡೆಯುತ್ತಾ, ಹ್ಯಾಂಡಲ್ ಎಡಕ್ಕೆ ಬಲಕ್ಕೆ ಕಡೇ ತನಕ ತಿರುಗಿಸಿದಾಗ ಏನಾಗುತ್ತೆ. ಒಂದು ಬೈಕ್ ನನ್ನ ಹತ್ರ "ದೊಡ್ಡ ಗುಂಡಿಗೆ ಇಳಿದ್ರೆ ಕರ್ರ್ ಅಂತ ಸದ್ದು" ಅಂತ ಬಂದಿತ್ತು. ಹೀಗೇ ಸ್ಪ್ರಿಂಗ್ ತೆಗೆದು ಕೂರಿಸಿದೆ, ಮಡ್‌ಗಾರ್ಡ್ ಬ್ರ್ಯಾಕೆಟ್ಟಿನ ಒಂದು ಬೋಲ್ಟ್ ತಲೆ ಟೈರಿನ ನಟ್ಟನಡುವೆ ಸರಿಯಾಗಿ ಬಂದು ಕೂತ್ಕೊಳ್ತು. ಟೈರ್ ತಿರುಗಿಸಿ ನೋಡಿದ್ರೆ ಸುತ್ತ ನಾಲ್ಕೈದು ಕಡೆ ಬೆರಳುಗುರಿನಷ್ಟು ಅಗಲದ ಗೀರು, ಒಂದು ಕಡೆ ರಬ್ಬರ್ ಕಿತ್ತು ಒಳಗಿನ ನೂಲು ಕಾಣ್ತಾ ಇತ್ತು. ಅಷ್ಟು ದಿನ ಆ ಹುಡುಗ ಅದರಲ್ಲೇ ಓಡಾಡಿದ್ದ. ಕನಿಷ್ಠ ಒಂದು ಸೆಂಟಿಮೀಟರ್ ಜಾಗ ಎಲ್ಲಾ ಕಡೆ ಉಳೀಲೇಬೇಕು.

ಅದೇ ಹೊತ್ತಲ್ಲಿ ಸ್ಟೀರಿಂಗ್ ಸ್ಟಾಪನ್ನೂ ನೋಡಿ. ಹೊಸ ಕ್ಲ್ಯಾಂಪಿನ ಗುಬುಟು ನಿಮ್ಮ ಫ್ರೇಮಿನ ಗುಬುಟಿಗೆ ಸಿಗದೇ ಇರಬಹುದು, ಆಗ ಯುಎಸ್‌ಡಿಯ ದಪ್ಪ ಪೈಪು ನೇರ ಟ್ಯಾಂಕಿಗೆ ಹೊಡೆಯುತ್ತೆ, ಅಥವಾ ನಿಮ್ಮ ಹೆಬ್ಬೆರಳು ಟ್ಯಾಂಕಿಗೂ ಹ್ಯಾಂಡಲಿಗೂ ಮಧ್ಯೆ ಸಿಕ್ಕಿಹಾಕ್ಕೊಳ್ಳುತ್ತೆ. ಬ್ರೇಕ್ ಹೋಸು, ಕ್ಲಚ್ ಕೇಬಲ್ಲು, ಥ್ರಾಟಲ್ ಕೇಬಲ್ಲು ಫೋರ್ಕ್ ಪೂರ್ತಿ ಚಾಚಿ ಹ್ಯಾಂಡಲ್ ಪೂರ್ತಿ ತಿರುಗಿದಾಗಲೂ ಎಳೆದ ಹಾಗಿರಬಾರ್ದು. ಎಂಜಿನ್ ಚಾಲೂ ಇಟ್ಟು ಹ್ಯಾಂಡಲ್ ತಿರುಗಿಸಿ, ಆರ್‌ಪಿಎಂ ಏರಿದ್ರೆ ಕೇಬಲ್ ಗಿಡ್ಡ.

ಬಿಗಿ ಮಾಡೋದ್ರಲ್ಲೂ ಒಂದು ವಿಷಯ. ಯುಎಸ್‌ಡಿಯಲ್ಲಿ ಕೆಳಗಿನ ಕ್ಲ್ಯಾಂಪ್ ಬೋಲ್ಟನ್ನ ಸಿಟ್ಟಿಂದ ಬಿಗಿ ಮಾಡಿದ್ರೆ ಹೊರಗಿನ ಪೈಪ್ ಅದುಮಿ ಒಳಗಿನ ಬುಶ್ (ಪೈಪ್ ಜಾರೋಕೆ ಇರೋ ಬಳೆ) ಹಿಡ್ಕೊಳ್ಳುತ್ತೆ, ಫೋರ್ಕ್ ಗಟ್ಟಿಯಾಯ್ತು ಅಂತ ಜನ ಆಯಿಲ್ ಬದಲಾಯಿಸ್ತಾ ಕೂತಿರ್ತಾರೆ. ಟಾರ್ಕ್ ರೆಂಚಲ್ಲಿ ಆ ಮಾಡೆಲಿನ ಮ್ಯಾನ್ಯುಯಲಲ್ಲಿ ಕೊಟ್ಟಷ್ಟೇ ಬಿಗಿ ಮಾಡಿ. ಆಕ್ಸಲ್ ನಟ್ ಬಿಗಿ ಮಾಡಿದ ಮೇಲೆ ಪಿಂಚ್ ಬೋಲ್ಟ್ (ಕಾಲಿನ ತುದಿಯಲ್ಲಿ ಆಕ್ಸಲನ್ನ ಅದುಮಿ ಹಿಡಿಯೋದು) ಸಡಿಲ ಇಟ್ಟು, ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನ ನಾಲ್ಕೈದು ಸಲ ಜೋರಾಗಿ ಅದುಮಿ, ಕಾಲುಗಳು ತಮ್ಮ ಜಾಗಕ್ಕೆ ತಾವೇ ಬಂದು ನಿಂತ್ಕೊಳ್ಳುತ್ತೆ, ಆಮೇಲೆ ಪಿಂಚ್ ಬೋಲ್ಟ್. ಸ್ಟೀರಿಂಗ್ ಬೇರಿಂಗನ್ನ ಮುಂದಿನ ವೀಲ್ ಎತ್ತಿ ನೋಡ್ಬೇಕು, ಹಿಂದೆ ಮುಂದೆ ಎಳೆದ್ರೆ ಆಟ ಇರಬಾರ್ದು, ಬೆರಳಲ್ಲಿ ಒಂಚೂರು ತಳ್ಳಿದ್ರೆ ಹ್ಯಾಂಡಲ್ ತಾನೇ ಎರಡು ಕಡೆಗೂ ಬೀಳ್ಬೇಕು. ಕೆಲವು ನೂರು ಕಿಲೋಮೀಟರ್ ಓಡಿಸಿ ಮತ್ತೆ ನೋಡಿ, ಹೊಸ ಬೇರಿಂಗ್ ಕೂತ ಮೇಲೆ ಸ್ವಲ್ಪ ಸಡಿಲ ಆಗೇ ಆಗುತ್ತೆ.

ಮತ್ತೆ ಸ್ಪ್ರಿಂಗು. ಆ ಫೋರ್ಕಿನ ಸ್ಪ್ರಿಂಗ್ ನಿಮ್ಮ ಬೈಕಿಗಿಂತ ಭಾರದ ಬೈಕಿಗೆ ಅಂತ ಇರೋದು. ನೀವು ಕೂತಾಗ ಎಷ್ಟು ಇಳಿಯುತ್ತೆ ಅನ್ನೋದನ್ನ ಸ್ಯಾಗ್ ಅಂತಾರೆ, ರಸ್ತೆ ಬೈಕಿಗೆ ಮುಂದೆ 30ರಿಂದ 40 ಮಿ.ಮೀ. ಬಂದ್ರೆ ಸರಿ. ಪೈಪಿಗೆ ಒಂದು ಕೇಬಲ್ ಟೈ ಕಟ್ಟಿ ಸೀಲ್ ತನಕ ತಳ್ಳಿ, ನಿಧಾನವಾಗಿ ಹತ್ತಿ ಕೂತು ನಿಧಾನವಾಗಿ ಇಳೀರಿ, ಟೈ ಎಷ್ಟು ಜರುಗಿದೆ ಅಂತ ವೀಲ್ ಎತ್ತಿ ಅಳೀರಿ. ಹದಿನೈದು ಇಪ್ಪತ್ತು ಅಷ್ಟೇ ಬಂತು ಅಂದ್ರೆ ಸ್ಪ್ರಿಂಗ್ ನಿಮಗೆ ಗಟ್ಟಿ, ಬೈಕ್ ಪ್ರತಿ ಕಲ್ಲನ್ನೂ ಕೈಗೆ ಹೇಳುತ್ತೆ. ಪ್ರೀಲೋಡ್, ಅಂದ್ರೆ ಸ್ಪ್ರಿಂಗನ್ನ ಮೊದಲೇ ಅದುಮಿಡೋ ಸ್ಕ್ರೂ, ತಿರುಗಿಸಿದ್ರೆ ನಿಂತ ಎತ್ತರ ಬದಲಾಗುತ್ತೆ ಅಷ್ಟೇ, ಸ್ಪ್ರಿಂಗ್ ಮೆತ್ತಗೆ ಆಗಲ್ಲ, ಸ್ಪ್ರಿಂಗನ್ನೇ ಬದಲಾಯಿಸ್ಬೇಕು.

ಇಷ್ಟೆಲ್ಲಾ ಹೇಳಿ ಈಗ ನಿಮ್ಮ ಮೂಲ ದೂರಿಗೆ ಬರ್ತೀನಿ, ಮೂತಿ ಕೆಳಗೆ ಕೂರುತ್ತೆ, ತಿರುವಲ್ಲಿ ತೇಲುತ್ತೆ ಅಂದ್ರಿ. ಹದಿನೈದು ವರ್ಷದ ಬೈಕು, ಫೋರ್ಕ್ ಆಯಿಲ್ ಕೊನೇ ಸಲ ಯಾವಾಗ ಬದಲಾಯಿಸಿದ್ದು? ಸೀಲ್ ಲೀಕ್ ಆದಾಗ ಬಿಟ್ರೆ ಯಾರೂ ಬದಲಾಯಿಸಲ್ಲ. ಕೆಳಗಿನ ಡ್ರೈನ್ ತೆಗೆದ್ರೆ ಬೂದಿ ಬಣ್ಣದ, ಮೀನಿನ ನಾತ ಹೊಡೆಯೋ ನೀರು ಬರುತ್ತೆ, ಅದರಲ್ಲಿ ಡ್ಯಾಂಪಿಂಗ್ (ಫೋರ್ಕಿನ ಓಟವನ್ನ ಆಯಿಲ್ ತಡೆಯೋದು) ಎಲ್ಲಿಂದ ಬರ್ಬೇಕು. ಸ್ಪ್ರಿಂಗನ್ನ ಹೊರಗೆ ತೆಗೆದು ಉದ್ದ ಅಳೆದು ಮ್ಯಾನ್ಯುಯಲಿನ ಮಿತಿಗೆ ಹೋಲಿಸಿ, ಗಿಡ್ಡ ಆಗಿದ್ರೆ ನಿಮ್ಮ ತೂಕಕ್ಕೆ ಸರಿಯಾದ ಹೊಸದು ಹಾಕಿ. ಬುಶ್, ಸೀಲ್, ಸ್ಟೀರಿಂಗ್ ಬೇರಿಂಗ್ ಹೊಸದು. ಆಯಿಲ್ ಹಾಕುವಾಗ ಬರೀ ಎಂಎಲ್ ಲೆಕ್ಕ ನಂಬದೆ, ಸ್ಪ್ರಿಂಗ್ ಇಲ್ದೆ ಫೋರ್ಕ್ ಪೂರ್ತಿ ಕುಗ್ಗಿಸಿ, ಪೈಪಿನ ಬಾಯಿಂದ ಆಯಿಲ್ ಮಟ್ಟ ಎಷ್ಟು ಕೆಳಗಿದೆ ಅಂತ ಅಳೆದು ಎರಡು ಕಾಲಲ್ಲೂ ಒಂದೇ ಇಡಿ. ಆಯಿಲ್ ಮೇಲೆ ಉಳಿಯೋ ಗಾಳಿಯೂ ಒಂದು ಸ್ಪ್ರಿಂಗೇ, ಮಟ್ಟ ಸ್ವಲ್ಪ ಏರಿಸಿದ್ರೆ ಕೊನೇಲಿ ಧಡ್ ಅಂತ ಕೂರೋದು ಕಮ್ಮಿ ಆಗುತ್ತೆ, ಆದ್ರೆ ಜಾಸ್ತಿ ಏರಿಸಿದ್ರೆ ಸೀಲ್ ಮೇಲೆ ಒತ್ತಡ ಬೀಳುತ್ತೆ, ಐದೈದು ಮಿ.ಮೀ. ಮಾತ್ರ. ಇನ್ನೂ ಬೇಕು ಅಂದ್ರೆ ಡ್ಯಾಂಪರ್ ರಾಡ್ (ಸಾದಾ ಫೋರ್ಕಿನ ಒಳಗೆ ಇರೋ, ತೂತಿರೋ ಕೊಳವೆ) ಮೇಲೆ ಕೂರೋ ಎಮ್ಯುಲೇಟರ್ ವಾಲ್ವ್ ಬರುತ್ತೆ. ನಿಮ್ಮ ಸಾದಾ ಫೋರ್ಕಲ್ಲಿ ಆಯಿಲ್ ಒಂದು ತೂತಿನ ಮೂಲಕ ಹೋಗ್ಬೇಕು, ನಿಧಾನ ಕುಗ್ಗಿದಾಗ ತಡೆಯೇ ಇಲ್ಲ, ಅದಕ್ಕೇ ಬ್ರೇಕಲ್ಲಿ ಮೂತಿ ಬೀಳೋದು, ಗುಂಡಿಗೆ ಹಠಾತ್ತಾಗಿ ಬಿದ್ದಾಗ ತಡೆ ವಿಪರೀತ ಜಾಸ್ತಿ, ಅದಕ್ಕೇ ಕೈ ನೋಯೋದು. ಆ ವಾಲ್ವ್ ಎರಡನ್ನೂ ಸುಮಾರಾಗಿ ಸರಿ ಮಾಡುತ್ತೆ.

ಇದನ್ನ ಮೊದಲು ಮಾಡಿ ನೋಡಿ, ಒಂದು ಭಾನುವಾರದ ಕೆಲಸ. ಎಷ್ಟೋ ಜನಕ್ಕೆ ಇದಾದ ಮೇಲೆ ಯುಎಸ್‌ಡಿ ಆಸೆಯೇ ಹೋಗಿದೆ. 37 ಮಿ.ಮೀ. ಫೋರ್ಕ್ ಕೆಟ್ಟದ್ದೇನಲ್ಲ, ದೊಡ್ಡ ಎಂಜಿನ್ನಿನ ಬೈಕುಗಳೇ ಒಂದು ಕಾಲದಲ್ಲಿ ಅದರ ಮೇಲೆ ಓಡಿವೆ.

ಆದ್ರೂ ಆ ದಪ್ಪ ಕಾಲು, ಆ ರೇಡಿಯಲ್ ಬ್ರೇಕು ಬೇಕೇ ಬೇಕು ಅಂತ ಮನಸ್ಸು ಎಳೀತಾ ಇದ್ರೆ ಅದು ನನಗೆ ಅರ್ಥ ಆಗುತ್ತೆ, ನಾನೂ ಅದೇ ಆಸೆಯಿಂದ ಈ ಕೆಲಸಕ್ಕೆ ಬಂದೋನು. ಮಾಡಿ, ಆದ್ರೆ ಪೂರ್ತಿ ಮುಂಭಾಗ ಸಿಗೋ ತನಕ ಕಾದು ಮಾಡಿ, ನಿಮ್ಮಲ್ಲಿ ಇಂಥ ಬದಲಾವಣೆಗೆ ನೋಂದಣಿ ಕಚೇರಿ ಮತ್ತು ಇನ್ಶೂರೆನ್ಸ್ ಕಡೆಯಿಂದ ಏನು ನಿಯಮ ಅಂತ ಮೊದಲೇ ಕೇಳ್ಕೊಂಡು ಮಾಡಿ. ಯುಎಸ್‌ಡಿಯಲ್ಲಿ ಸೀಲ್ ಕೆಳಗಡೆ ಇರುತ್ತೆ, ಅದು ಲೀಕ್ ಆದ್ರೆ ಆಯಿಲ್ ಇಳಿದು ನೇರ ಬ್ರೇಕ್ ಪ್ಯಾಡಿನ ಮೇಲೆ ಬರುತ್ತೆ, ಹಾಗಾಗಿ ಹಾಕೋ ಮುಂಚೆಯೇ ಸೀಲ್ ಹೊಸದು, ಕ್ರೋಮ್ ಮೇಲೆ ಉಗುರು ಸವರಿ ನೋಡಿ, ಎಲ್ಲಾದ್ರೂ ತೊಡರಿದ್ರೆ ಆ ಪೈಪ್ ಬೇಡ. ಆ ಫೋರ್ಕಿನ ಆಫ್‌ಸೆಟ್, ಉದ್ದ, ನಿಮ್ಮ ಬೈಕಿನ ರೇಕ್, ವೀಲ್‌ಬೇಸ್, ಎರಡೂ ಟೈರ್ ಸೈಜ್ ಬರೆದು ಕಳಿಸಿ, ಟ್ರೇಲ್ ಎಷ್ಟು ಬರುತ್ತೆ ಅಂತ ನಾನೇ ಲೆಕ್ಕ ಹಾಕಿ ಕೊಡ್ತೀನಿ, ಅಲ್ಲಿ ತನಕ ಅಡ್ವಾನ್ಸ್ ಕೊಡಬೇಡಿ.